16 ಕಿಲೋ ಕಲ್ಲು

1912ರ ನವೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಹಿಮಬಯಲಿನಲ್ಲಿ ಹುಡುಕಾಟಕ್ಕೆ ಹೊರಟವರಿಗೆ ಒಂದು ಗುಡಾರ ಸಿಕ್ಕಿತು. ಒಳಗೆ ಕ್ಯಾಪ್ಟನ್ ರಾಬರ್ಟ್ ಸ್ಕಾಟ್, ವೈದ್ಯ ಎಡ್ವರ್ಡ್ ವಿಲ್ಸನ್ ಮತ್ತು ಹೆನ್ರಿ ಬೋವರ್ಸ್ ಅವರ ಶವಗಳಿದ್ದವು. ಆಹಾರ, ಇಂಧನ ಇಟ್ಟಿದ್ದ ಜಾಗ ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿತ್ತು. ಅವರು ಎಳೆದುಕೊಂಡು ಬಂದಿದ್ದ ಜಾರುಬಂಡಿಯಲ್ಲಿ ಸುಮಾರು 16 ಕಿಲೋ ಕಲ್ಲುಗಳಿದ್ದವು.

ನಡೆಯಲೂ ಆಗದ ಸ್ಥಿತಿಯಲ್ಲಿ ಕಲ್ಲನ್ನೇಕೆ ಹೊತ್ತರು? ವಿಜ್ಞಾನದ ಇತಿಹಾಸ ಓದಲು ಶುರುಮಾಡಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬಿಯರ್ಡ್‌ಮೋರ್ ಹಿಮನದಿಯ ಬದಿಯಲ್ಲಿ ವಿಲ್ಸನ್ ಆರಿಸಿದ ಕಲ್ಲುಗಳ ಮೇಲೆ ಎಲೆಗಳ ಅಚ್ಚು ಇತ್ತು. 1914ರಲ್ಲಿ ಆಲ್ಬರ್ಟ್ ಸೀವರ್ಡ್ ಅದನ್ನು ಗ್ಲಾಸಾಪ್ಟೆರಿಸ್ ಎಂದು ಗುರುತಿಸಿದರು. ನಾಲಿಗೆಯಾಕಾರದ ಎಲೆಯ, ಸುಮಾರು 25 ಕೋಟಿ ವರ್ಷಗಳ ಹಿಂದೆ ಅಳಿದುಹೋದ ಮರ ಅದು. ಅದೇ ಎಲೆ ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಬಂಡೆಗಳಲ್ಲೂ ಸಿಗುತ್ತದೆ.

ನನ್ನ ಅಧ್ಯಾಯದ ಮೊದಲ ಕರಡಿನಲ್ಲಿ, ಖಂಡಗಳು ಒಂದಾಗಿದ್ದವು ಎಂಬುದನ್ನು ಈ ಕಲ್ಲುಗಳು ಸಾಬೀತುಮಾಡಿದವು ಎಂದು ಬರೆದಿದ್ದೆ. ನನ್ನ ಮಾರ್ಗದರ್ಶಕರು ಆ ಸಾಲಿನ ಪಕ್ಕ "ಯಾರಿಗೆ?" ಎಂದಷ್ಟೇ ಗುರುತು ಹಾಕಿ ಕೊಟ್ಟರು. ಉತ್ತರ ಹುಡುಕಲು ಹೋದರೆ ನನ್ನ ಸಾಲೇ ಕುಸಿಯಿತು.

ಈ ಎಲೆಯ ಕಥೆ ಸ್ಕಾಟ್‌ಗಿಂತ ಹಳೆಯದು. ಗೊಂಡರ ನಾಡಿನ ಹೆಸರಿನಿಂದ ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣೆಯ ಹೆನ್ರಿ ಮೆಡ್ಲಿಕಾಟ್ 'ಗೊಂಡ್ವಾನ' ಎಂಬ ಪದವನ್ನು ಬಂಡೆಗಳಿಗೆ ಇಟ್ಟಿದ್ದರು. ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ಅದನ್ನೇ ಎತ್ತಿಕೊಂಡು, ದಕ್ಷಿಣದ ಭೂಭಾಗಗಳನ್ನು ಸೇರಿಸಿದ್ದ ಪ್ರಾಚೀನ ಖಂಡವನ್ನು ಗೊಂಡ್ವಾನಲ್ಯಾಂಡ್ ಎಂದು ಕರೆದರು. ಆದರೆ ಅವರ ಪ್ರಕಾರ ಖಂಡಗಳು ಸರಿಯಲಿಲ್ಲ. ನಡುವಿನ ನೆಲ ಸಮುದ್ರದಲ್ಲಿ ಮುಳುಗಿತು. ಅದೇ ಎಲೆ ಈ ವಾದಕ್ಕೂ ಸಾಕ್ಷಿಯಾಗಿತ್ತು.

ಸ್ಕಾಟ್ ದಕ್ಷಿಣ ಧ್ರುವ ತಲುಪಿದ 1912ರ ಜನವರಿಯಲ್ಲೇ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಲ್ಫ್ರೆಡ್ ವೆಗೆನರ್ ಖಂಡಗಳು ಚಲಿಸುತ್ತವೆ ಎಂದು ಉಪನ್ಯಾಸ ಕೊಟ್ಟರು. ಹಗುರ ಬಂಡೆಯ ಖಂಡ ಭಾರವಾದ ಸಾಗರತಳದೊಳಗೆ ಮುಳುಗಲಾರದು ಎಂಬುದು ಅವರ ತರ್ಕ. ಹಾಗಾದರೆ ಖಂಡವನ್ನು ತಳ್ಳುವ ಬಲ ಯಾವುದು? ಅದಕ್ಕೆ ಅವರಲ್ಲಿ ತೃಪ್ತಿಕರ ಉತ್ತರವಿರಲಿಲ್ಲ. ಬಹುತೇಕ ಭೂವಿಜ್ಞಾನಿಗಳು ಒಪ್ಪಲಿಲ್ಲ. 1930ರಲ್ಲಿ ವೆಗೆನರ್ ಕೂಡ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರಿಕೊಂಡರು.

ಉತ್ತರ ಬಂದದ್ದು ಸಾಗರದಡಿಯಿಂದ. 1950ರ ದಶಕದಲ್ಲಿ ಮೇರಿ ಥಾರ್ಪ್ ಬಿಡಿಸಿದ ನಕ್ಷೆಯಲ್ಲಿ ಅಟ್ಲಾಂಟಿಕ್ ಮಧ್ಯದ ಪರ್ವತಸಾಲಿನ ನಡುವೆ ಉದ್ದಕ್ಕೂ ಸೀಳು ಕಂಡಿತು. 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್, ಸಾಗರತಳದ ಬಂಡೆಗಳ ಕಾಂತೀಯ ಪಟ್ಟೆಗಳು ಹೊಸ ನೆಲ ಹುಟ್ಟಿ ಎರಡೂ ಕಡೆ ಸರಿಯುವುದರ ದಾಖಲೆ ಎಂದು ವಿವರಿಸಿದರು. ಮುಳುಗಿದ ಖಂಡದ ವಾದಕ್ಕೆ ಮತ್ತೆ ಜಾಗ ಉಳಿಯಲಿಲ್ಲ.

ಗೊಂಡ್ವಾನದಿಂದ ಕಳಚಿದ ಭಾರತ ಉತ್ತರಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಒತ್ತಿಕೊಂಡಿತು, ಹಿಮಾಲಯ ಎದ್ದಿತು. ಆ ಪಯಣದ ಜೀವಂತ ಸಾಕ್ಷಿ ಪಶ್ಚಿಮ ಘಟ್ಟದಲ್ಲಿದೆ. 2003ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ಸಾಗರದಾಚೆಯ ಸೇಶೆಲ್ಸ್‌ನಲ್ಲಿ. ಗ್ಲಾಸಾಪ್ಟೆರಿಸ್ ಕಾಡುಗಳೂ ನಮ್ಮಲ್ಲಿ ಕಲ್ಲಿದ್ದಲಾಗಿ ಉಳಿದಿವೆ. ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಸಿಂಗರೇಣಿ ಕಲ್ಲಿದ್ದಲು ಆ ಕಾಲದ್ದೇ.

ಕಲ್ಲಿನ ಭಾರವೇ ಸ್ಕಾಟ್ ತಂಡವನ್ನು ಕೊಂದಿತು ಎನ್ನುವವರಿದ್ದಾರೆ. ಹಸಿವು, ಚಳಿ, ಬಳಲಿಕೆಗಳ ನಡುವೆ ಆ 16 ಕಿಲೋದ ಪಾಲೆಷ್ಟೆಂದು ಲೆಕ್ಕ ಹಾಕಲಾಗದು. ವಿಲ್ಸನ್‌ಗೆ ವೆಗೆನರ್‌ನ ವಾದ ಗೊತ್ತಿರುವ ಸಂಭವವೂ ಇಲ್ಲ. ಎಲೆಯ ಅಚ್ಚು ಅಲ್ಲಿತ್ತು, ತಂದರು; ಅರ್ಥ ಕೂಡಿಬರಲು ಅರ್ಧ ಶತಮಾನ ಬೇಕಾಯಿತು. ನನ್ನ ಕರಡಿನಲ್ಲಿ 'ಸಾಬೀತುಮಾಡಿದವು' ಎಂಬುದನ್ನು ಹೊಡೆದುಹಾಕಿ 'ಕಾದಿದ್ದವು' ಎಂದು ಬರೆದೆ. ಈ ಸಲ ಅವರು ಗುರುತು ಹಾಕಲಿಲ್ಲ.