ಕಿತ್ತಳೆಯ ಸಿಪ್ಪೆ ಮತ್ತು ಉರಿಯೂತ : ಒಂದು ಐತಿಹಾಸಿಕ ವಿಚಾರ

ಚಿಕ್ಕಮಗಳೂರಿನಿಂದ ಮುತ್ತೋಡಿಗೆ ಹೋಗುವ ದಾರಿಯಲ್ಲಿರುವ ಮಲ್ಲಂದೂರಿನ ಸೀಮೆ ಕಾಫಿಯದು. ಕಾಫಿಯ ನಡುವೆ ಕಿತ್ತಳೆಯನ್ನು ಮಿಶ್ರಬೆಳೆಯಾಗಿ ಬೆಳೆಯುವುದು ಈ ಮಲೆನಾಡಿನ ವಾಡಿಕೆ. ಹಣ್ಣನ್ನು ತಿಂದು ಸಿಪ್ಪೆಯನ್ನು ಎಸೆಯದೆ, ಹುಣಿಸೆ ಬೆಲ್ಲಗಳೊಡನೆ ಗೊಜ್ಜು ಮಾಡುವುದೂ ಕನ್ನಡನಾಡಿಗೆ ಹೊಸದಲ್ಲ. ಸಿಪ್ಪೆಯಲ್ಲಿರುವ ಫ್ಲೇವನಾಯ್ಡುಗಳು ಉರಿಯೂತವನ್ನು ತಗ್ಗಿಸುತ್ತವೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಹಿರಿಯರು ಈ ಗುಣವನ್ನು ಅರಿತೇ ಗೊಜ್ಜು ಮಾಡುತ್ತಿದ್ದರೆಂದು ನಮ್ಮ ವಿದ್ಯಾರ್ಥಿಗಳು ಸುಲಭವಾಗಿ ನಿರ್ಣಯಿಸುವುದುಂಟು. ಈ ನಿರ್ಣಯಕ್ಕೆ ಆಧಾರವುಂಟೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಈ ವರ್ಗದ ಹೆಸ್ಪೆರಿಡಿನ್ ಎಂಬ ದ್ರವ್ಯವನ್ನು ಕಿತ್ತಳೆಯ ಸಿಪ್ಪೆಯ ಒಳಗಿನ ಬಿಳಿಯ ಪದರದಿಂದ ಫ್ರಾನ್ಸಿನ ಲೆಬ್ರೆಟನ್ನನು 1828ರಲ್ಲಿ ಬೇರ್ಪಡಿಸಿದನು. ಔಷಧವೆಂಬ ಕೀರ್ತಿ ಬಂದುದು ಶತಮಾನದ ಅನಂತರ. 1936ರಲ್ಲಿ ಹಂಗೆರಿಯ ರುಸ್ನ್ಯಾಕ್ ಮತ್ತು ಸೆಂಟ್ ಜ್ಯಾರ್ಜಿ ಅವರು, ಇಂತಹ ದ್ರವ್ಯಗಳು ಸೂಕ್ಷ್ಮ ರಕ್ತನಾಳಗಳ ಸೋರಿಕೆಯನ್ನು ತಡೆಯುತ್ತವೆಂದು ಸಾರಿ, ‘ವಿಟಮಿನ್ ಪಿ’ ಎಂಬ ಹೆಸರನ್ನೇ ಇಟ್ಟರು. ಆದರೆ ಇವುಗಳ ಅಭಾವದಿಂದ ಕೊರತೆಯ ರೋಗ ಬರುತ್ತದೆಂಬುದು ಸಿದ್ಧವಾಗಲಿಲ್ಲ. 1950ರಲ್ಲಿ ಆ ಹೆಸರನ್ನು ಕೈಬಿಡುವಂತೆ ಅಮೆರಿಕದ ವಿದ್ವಾಂಸರು ಸೂಚಿಸಿದರು. 1937ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸೆಂಟ್ ಜ್ಯಾರ್ಜಿಯ ಮಾತೂ ಹೀಗೆ ನಿಲ್ಲದೆ ಹೋಯಿತೆಂಬುದು ಗಮನಾರ್ಹ.

ಕಾಲಕ್ರಮದಲ್ಲಿ ದೃಷ್ಟಿ ರಕ್ತನಾಳದಿಂದ ದೇಹದ ರಕ್ಷಕಕೋಶಗಳತ್ತ ಹೊರಳಿತು. ಈರುಳ್ಳಿಯಲ್ಲಿ ಹೇರಳವಾಗಿರುವ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡು, ಇಲಿಯ ಮಾಸ್ಟ್ ಕೋಶಗಳು ಹಿಸ್ಟಮೀನನ್ನು ಹೊರಚೆಲ್ಲುವುದನ್ನು ತಡೆಯುತ್ತದೆಂದು ಫ್ಯೂಟ್ರೆಲ್ ಮತ್ತು ಗೊಂಪರ್ಟ್ಸ್ 1977ರಲ್ಲಿ ತೋರಿಸಿದರು. ಊತ, ತುರಿಕೆಗಳಿಗೆ ಕಾರಣವಾಗುವ ದ್ರವ್ಯಗಳಲ್ಲಿ ಹಿಸ್ಟಮೀನ್ ಒಂದು. ಹೊರಗಿನ ಕಣಗಳನ್ನು ನುಂಗುವ ಭಕ್ಷಕಕೋಶಗಳು ಉರಿಯೂತದ ಸಂದೇಶಗಳನ್ನು ಹೊರಡಿಸುವುದನ್ನೂ ಹಲವು ಫ್ಲೇವನಾಯ್ಡುಗಳು ಕುಗ್ಗಿಸುತ್ತವೆಂದು ಮುಂದಿನ ಪ್ರಯೋಗಗಳಿಂದ ತಿಳಿದುಬಂದಿತು.

ಇವು ಬಹುಮಟ್ಟಿಗೆ ಗಾಜಿನ ಪಾತ್ರೆಯೊಳಗೆ ಕಂಡ ಸಂಗತಿಗಳು. ನಾವು ತಿಂದ ಹೆಸ್ಪೆರಿಡಿನ್ ಹಾಗೆಯೇ ಕೋಶಗಳನ್ನು ಮುಟ್ಟುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಅದರ ಸಕ್ಕರೆಯ ಭಾಗವನ್ನು ಕಳಚಿದ ಮೇಲೆ, ಅಲ್ಪಾಂಶವು ರೂಪಾಂತರ ಹೊಂದಿ ರಕ್ತವನ್ನು ಸೇರುತ್ತದೆ. ಮೂಲವ್ಯಾಧಿಗೂ ಕಾಲಿನ ಸಿರೆಗಳ ಬೇನೆಗೂ ಕೊಡುವ ಒಂದು ಗುಳಿಗೆಯಲ್ಲಿ 450 ಮಿಲಿಗ್ರಾಂ ಡಯೋಸ್ಮಿನ್, 50 ಮಿಲಿಗ್ರಾಂ ಹೆಸ್ಪೆರಿಡಿನ್ ಇರುತ್ತವೆ. ಗೊಜ್ಜಿಗೆ ಇಂತಹ ಅಳತೆಯೆಲ್ಲಿ? ಕೀಲುವಾತದ ರೋಗಿಯೊಬ್ಬನು ಹಿರಿಯರ ಹೆಸರನ್ನು ನಂಬಿ, ವೈದ್ಯರ ಮದ್ದನ್ನು ಬಿಟ್ಟು ಸಿಪ್ಪೆಗೆ ಶರಣಾದರೆ, ಕೀಲು ಸವೆಯುವುದು ಅವನದೇ.

ಇನ್ನು ಅರಿವಿನ ಪ್ರಶ್ನೆ. ಆಚಾರವೊಂದು ಇದ್ದಿತೆಂಬುದಕ್ಕೆ ಗೊಜ್ಜು ಸಾಕ್ಷಿಯಾಗಬಹುದು. ಅದರ ಕಾರಣ ತಿಳಿದಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕು. ನಾಲಗೆಯ ಸಾಕ್ಷಿಯೂ ಇಲ್ಲಿ ದೊರೆಯದು. ಹೆಸ್ಪೆರಿಡಿನ್ನಿಗೆ ರುಚಿಯೇ ಇಲ್ಲ. ನಮ್ಮ ಗೃಹಿಣಿಯರು ಬೆಲ್ಲ ಹಾಕಿ ಅಡಗಿಸುತ್ತ ಬಂದ ಕಹಿ ಸಿಪ್ಪೆಯ ಬೇರೆ ದ್ರವ್ಯಗಳದು.