ಯೊಕೊಹಾಮಾದ ಬೆಳ್ಳಿ ಚಹಾ ಸೆಟ್ಟು: ತಳದ ಮುದ್ರೆ ಯಾರದು?

ಮೇಜಿ ಕಾಲದ (1868–1912) ಜಪಾನಿ ಬೆಳ್ಳಿ ಚಹಾ ಸೆಟ್ಟುಗಳನ್ನು ಹರಾಜಿನವರು ‘ಆರ್ಥರ್ ಅಂಡ್ ಬಾಂಡ್ ತಯಾರಿಕೆ’ ಎಂದೋ ‘ಸಾಮುರಾಯ್ ಶೋಕಾಯ್ ತಯಾರಿಕೆ’ ಎಂದೋ ಪಟ್ಟಿ ಮಾಡುವುದು ವಾಡಿಕೆ. ಇದನ್ನು ಒಪ್ಪುವುದು ಕಷ್ಟ. ಇವೆರಡೂ ಯೊಕೊಹಾಮಾದಲ್ಲಿ ವಿದೇಶಿ ಗಿರಾಕಿಗಳಿಗೆ ಕಲಾವಸ್ತು ಮಾರುತ್ತಿದ್ದ ಮಳಿಗೆಗಳು. ಎರಡನೆಯದನ್ನು ನೊಮುರಾ ಯೋಜೋ 1894ರಲ್ಲಿ ತೆರೆದರು. ತಳದ ಮುದ್ರೆಯಿಂದ ಮಾರಿದವರು ಯಾರೆಂದು ತಿಳಿಯುತ್ತದೆ. ಸುತ್ತಿಗೆ ಹಿಡಿದವರು ಯಾರೆಂಬುದಕ್ಕೆ ಅದೊಂದೇ ಸಾಕ್ಷಿಯಾಗಲಾರದು.

ಗಿರಾಕಿ ಹೊರಗಿನವರು ಎಂಬುದಕ್ಕೆ ಸೆಟ್ಟೇ ಸಾಕ್ಷಿ. ಜಪಾನೀಯರು ತಮ್ಮ ಹಸಿರು ಚಹಾಕ್ಕೆ ಹಾಲು, ಸಕ್ಕರೆ ಬೆರೆಸುವವರಲ್ಲ. ಇಲ್ಲಿ ಹಾಲಿನ ಜಗ್ಗು, ಸಕ್ಕರೆ ಬಟ್ಟಲು ಎರಡೂ ಇವೆ. ಆದರೆ ಕೈ ಮಾತ್ರ ಅಪ್ಪಟ ಜಪಾನಿ. ಐರಿಸ್ ಹೂವಿನ ಟೀಪಾಟ್ ಒಂದನ್ನು ಗಮನಿಸಿ: ಎಸಳುಗಳು ಮೈಯಿಂದ ಉಬ್ಬಿ ನಿಂತಿವೆ, ಎಲೆಯ ನರಗಳನ್ನು ಉಳಿಯಿಂದ ಒಂದೊಂದಾಗಿ ಗೀರಲಾಗಿದೆ, ಹಿಡಿ ಮೈಗೆ ಸೇರುವಲ್ಲಿ ಬಿಸಿ ತಾಗದಂತೆ ದಂತದ ತೆಳು ಬಿಲ್ಲೆ ಕೂರಿಸಲಾಗಿದೆ. ಕೆಲವು ಪಾತ್ರೆಗಳ ಒಳಗೆ ಬೆರಳಾಡಿಸಿದರೆ ಉಬ್ಬಿನ ಗುರುತೇ ಸಿಗದು. ಕೆತ್ತನೆಯ ಹೊರತಗಡಿನೊಳಗೆ ನುಣುಪಾದ ಇನ್ನೊಂದು ತಗಡು ಇರುವುದೇ ಕಾರಣ.

ಇಷ್ಟು ನುರಿತ ಕೈಗಳು ಬಂದದ್ದೆಲ್ಲಿಂದ? ಒಂದು ಮುಖ್ಯ ಮೂಲ ಕತ್ತಿಯ ಅಲಂಕಾರದ ಕಸುಬು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಸರ್ಕಾರ ನಿಷೇಧಿಸಿತು. ಆ ಕಸುಬಿನ ಹೆಸರಾಂತ ಗೊತೋ ಮನೆತನದ ಇಚಿಜೋ ತೀರಿಕೊಂಡದ್ದೂ ಅದೇ ವರ್ಷ. ಕತ್ತಿಯ ಹಿಡಿ, ಕಾಪುಗಳಿಗೆ ಕುಸುರಿ ಮಾಡುತ್ತಿದ್ದ ಹಲವರು ಹೂದಾನಿ, ಪೆಟ್ಟಿಗೆ, ಚಹಾ ಪಾತ್ರೆಗಳತ್ತ ತಿರುಗಿದರು. ಕಾನೋ ನಾತ್ಸುವೋ ಅವರಂಥವರಿಗೆ ಹೊಸ ಸರ್ಕಾರದ ನಾಣ್ಯಗಳ ಅಚ್ಚಿನ ಕೆಲಸ ಸಿಕ್ಕಿತು. 1890ರಲ್ಲಿ ಅರಮನೆಯ ಕಲಾವಿದರ ಗೌರವವೂ ದೊರೆಯಿತು. ಕತ್ತಿಯ ಕಾಪಿನ ಮೇಲೆ ಉಳಿಯಿಂದ ತನ್ನ ಹೆಸರು ಕೊರೆಯುವುದು ಆ ಕಸುಬಿನಲ್ಲಿ ರೂಢಿಯಲ್ಲಿತ್ತು. ಚಹಾ ಸೆಟ್ಟಿನ ತಳದಲ್ಲಿ ಹೆಚ್ಚಾಗಿ ಆ ಜಾಗ ಅಂಗಡಿಯ ಹೆಸರಿಗೆ ಹೋಯಿತು. ಈ ಕಸುಬಿನ ಚರಿತ್ರೆಯಲ್ಲಿ ನನಗೆ ತೀರ ನೋವಿನ ಸಂಗತಿ ಇದೇ.

‘ಜುನ್‌ಗಿನ್’, ಅಂದರೆ ಶುದ್ಧ ಬೆಳ್ಳಿ, ಎಂಬ ಮುದ್ರೆಯನ್ನೂ ಎಚ್ಚರದಿಂದ ಓದಬೇಕು. ಅದು ತಯಾರಿಸಿದವರ ಅಥವಾ ಮಾರಿದವರ ಭರವಸೆ. ಜಪಾನಿನ ಟಂಕಸಾಲೆ ಲೋಹ ಪರೀಕ್ಷಿಸಿ, ಧ್ವಜದ ಚಿಹ್ನೆಯೊಡನೆ ಶುದ್ಧತೆಯ ಅಂಕಿ ಒತ್ತಲು ಆರಂಭಿಸಿದ್ದು 1929ರಲ್ಲಿ. ಆ ಚಿಹ್ನೆಯಿರುವ ಸೆಟ್ಟನ್ನು ಮೇಜಿ ಕಾಲದ್ದೆಂದು ಮಾರುತ್ತಿದ್ದರೆ ಅನುಮಾನಿಸಲೇಬೇಕು.

ಪಟ್ಟಿ ತಯಾರಿಸುವವರು ‘ಮಾರಿದವರು’, ‘ಮಾಡಿದವರು’ ಎಂದು ಎರಡು ಸಾಲು ಇಡಲಿ. ಕುಶಲಕರ್ಮಿಯ ಸಹಿ ಇಲ್ಲದಿದ್ದರೆ ಎರಡನೆಯದು ಖಾಲಿ ಉಳಿಯಲಿ. ಇಂಥ ಪಾತ್ರೆ ಇಟ್ಟುಕೊಂಡವರು ಅದನ್ನು ಥಳಥಳಿಸುವಂತೆ ತಿಕ್ಕಬಾರದು. ಉಳಿಯ ಗೆರೆ ಸವೆದರೆ ಆ ಕೈಯ ಕೊನೆಯ ಗುರುತೂ ಹೋಗುತ್ತದೆ.