ತೊಟ್ಟಿಲಿನಿಂದ ಚೌಕಟ್ಟಿಗೆ: ಚಿತ್ರದೊಳಗಿನ ಕೂಸು

ಬಾದಾಮಿ ಬಳಿಯ ಬನಶಂಕರಿ ಗುಡಿಯ ಎದುರಿನ ಹರಿದ್ರಾತೀರ್ಥದಲ್ಲಿ ಹಸುಗೂಸುಗಳನ್ನು ಬಾಳೆದಿಂಡಿನ ತೆಪ್ಪದ ಮೇಲೆ ತೇಲಿಸುವ ಪದ್ಧತಿ ಉಂಟು. ಕೂಸಿಗೆ ಒಳ್ಳೆಯದಾಗುತ್ತದೆಂಬ ನಂಬಿಕೆ.

ಕೂಸಿನ ಮೇಲಿನ ಈ ಅಕ್ಕರೆ ಇದ್ದರೂ, ಕಲೆಯಲ್ಲಿ ಈ ನಾಡಿನ ಶಿಲ್ಪಿಗಳು ಬಾಲ್ಯವನ್ನು ಕಂಡದ್ದು ಹೆಚ್ಚಾಗಿ ಕೃಷ್ಣನಲ್ಲಿ. ಬಾದಾಮಿಯಲ್ಲಿ 578ರ ಮೂರನೆಯ ಗುಹೆಯ ತೊಲೆಗಳ ಮೇಲೆ ಅವನ ಕಥೆ ಸಾಲಾಗಿ ಸಾಗುತ್ತದೆ. ತಲೆ ಎತ್ತಿ, ತುಸು ತಾಳ್ಮೆಯಿಂದ ನೋಡಬೇಕು. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿನ ಮೇಲೂ ಪುರಾಣದ ಚಿತ್ರಗಳೇ.

ಇಲ್ಲಿ ಹೀಗಿದ್ದರೆ, ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲೆಂಡಿನಲ್ಲಿ ಮನೆಯ ಮಗುವೇ ಚಿತ್ರದ ವಸ್ತುವಾಯಿತು. ಜಾನ್ ಎವರೆಟ್ ಮಿಲ್ಲೇ 1886ರಲ್ಲಿ ಸಾಬೂನು ಗುಳ್ಳೆ ಊದುವ ತನ್ನ ಮೊಮ್ಮಗನನ್ನು ಚಿತ್ರಿಸಿದ. ಅದು ಪಿಯರ್ಸ್ ಸಾಬೂನಿನ ಜಾಹೀರಾತಾಗಿ ಮನೆಮಾತಾಯಿತು.

ಆ ಗಾಳಿ ಇಲ್ಲಿಗೂ ಬೀಸಿತು. ರಾಜಾ ರವಿವರ್ಮನ 1893ರ ‘ದೇರ್ ಕಮ್ಸ್ ಪಾಪಾ’ದಲ್ಲಿ ತಾಯಿ ಕಂಕುಳ ಕೂಸಿಗೆ ಬರುತ್ತಿರುವ ಅಪ್ಪನನ್ನು ತೋರಿಸುತ್ತಾಳೆ, ಕಾಲ ಬಳಿ ನಾಯಿ. ಅಪ್ಪ ಮಾತ್ರ ಚಿತ್ರದಲ್ಲೇ ಇಲ್ಲ! ತಾಯಿಗೆ ಮಾದರಿಯಾದವಳು ಕಲಾವಿದನ ಮಗಳು ಮಹಾಪ್ರಭಾ. ವಿಕ್ಟೋರಿಯಾ ಕಾಲದ ಮನೆವಾರ್ತೆಯ ಚಿತ್ರಕ್ಕೆ ಇಷ್ಟು ಹತ್ತಿರದ ಭಾರತೀಯ ಕೃತಿ ಅಪರೂಪ. ಮರುವರ್ಷ ಮುಂಬೈಯಲ್ಲಿ ಆರಂಭವಾದ ಅವನ ಮುದ್ರಣಾಲಯದ ಅಗ್ಗದ ಬಣ್ಣದ ಪಟಗಳು ಊರೂರಿನ ಪಡಸಾಲೆ ಸೇರಿದವು. ಆದರೆ ಅಲ್ಲಿ ಗೆದ್ದದ್ದು ಹೆಚ್ಚಾಗಿ ದೇವರ ಪಟಗಳೇ.